ಎರಡನೇ ಸಹಿ

“ಸಿಸ್ಟರ್, ನಿಲ್ಲಿ. ಇದಕ್ಕೆ ನಾನು ಸಹಿ ಹಾಕಲ್ಲ.”

ಸೂಜಿಯ ತುದಿ ಪರೀಕ್ಷೆಗೆಂದು ಮಲಗಿಸಿದ್ದ ಗೊಂಬೆಯ ತೋಳಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಆ ಮಾತು ಬಂತು. ಅವಳ ಕೈ ಗಾಳಿಯಲ್ಲೇ ನಿಂತುಹೋಯಿತು.

ಆರುನೂರು ಹಾಸಿಗೆಗಳ ದೊಡ್ಡ ಆಸ್ಪತ್ರೆ ಅದು. ಬೆಳಿಗ್ಗೆ ನಲವತ್ತಮೂರು ಜನ ನರ್ಸ್‌ಗಳು ಸಾಲಿನಲ್ಲಿ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಇಬ್ಬರು... ಅವಳು ಮತ್ತು ಈಗ ತಡೆದ ಈ ಗಂಡು ನರ್ಸ್, ಆಸ್ಪತ್ರೆಯ ಮಾತಿನಲ್ಲಿ ‘ಬ್ರದರ್’. ಖಾಲಿ ಇದ್ದ ಹುದ್ದೆ ಒಂದೇ.

ಅಲ್ಲೊಂದು ನಿಯಮವಿತ್ತು. ಇನ್ಸುಲಿನ್ ಕೊಡುವಾಗ ಒಬ್ಬ ನರ್ಸ್ ಔಷಧಿ ಎಳೆಯಬೇಕು, ಇನ್ನೊಬ್ಬರು ಅದನ್ನು ಪರೀಕ್ಷಿಸಿ ಚೀಟಿಯ ಮೇಲೆ ಎರಡನೇ ಸಹಿ ಹಾಕಬೇಕು. ಕೊನೆಯ ಪರೀಕ್ಷೆಗೆ ನರ್ಸ್‌ಗಳ ಮುಖ್ಯಸ್ಥೆಯಾದ ಮೇಟ್ರನ್ ಅವರಿಬ್ಬರನ್ನೇ ಜೋಡಿ ಮಾಡಿದ್ದರು.

“ಯಾಕೆ?” ಎಂದಳು ಅವಳು.

“ಬಾಟಲಿ ನೂರರದ್ದು, ಒಂದು ಎಂ.ಎಲ್.ಗೆ ನೂರು ಯೂನಿಟ್ಟು. ನಿಮ್ಮ ಕೈಯಲ್ಲಿರೋ ಸಿರಿಂಜಿನ ಗೆರೆಗಳು ನಲವತ್ತರ ಲೆಕ್ಕದ್ದು. ನೀವು ಎಳೆದಿರೋದು ಚೀಟಿಯಲ್ಲಿರೋ ಹನ್ನೆರಡು ಯೂನಿಟ್ಟಲ್ಲ, ಮೂವತ್ತು.”

ಅವಳು ಕೆಳಗೆ ನೋಡಿದಳು. ತಟ್ಟೆಯಲ್ಲಿ ಎರಡು ಸಿರಿಂಜುಗಳನ್ನು ಬೇಕೆಂದೇ ಇಟ್ಟಿದ್ದರು. ನಲವತ್ತರದ್ದಕ್ಕೆ ಕೆಂಪು ಮುಚ್ಚಳ, ನೂರರದ್ದಕ್ಕೆ ಕಿತ್ತಳೆ. ಅವಳು ಏಳು ವರ್ಷ ದುಡಿದ ಚಿಕ್ಕ ಆಸ್ಪತ್ರೆಯಲ್ಲಿ ಬಾಟಲಿಯೂ ನಲವತ್ತರದ್ದೇ, ಸಿರಿಂಜೂ ಕೆಂಪು ಮುಚ್ಚಳದ್ದೇ. ಬೇರೆಯದನ್ನು ಅವಳು ಕಂಡೇ ಇರಲಿಲ್ಲ. ಕಣ್ಣು ನೋಡುವ ಮೊದಲೇ ಕೈ ಅಭ್ಯಾಸದಂತೆ ಕೆಂಪನ್ನು ಎತ್ತಿಕೊಂಡಿತ್ತು.

ಮೂವತ್ತು ಯೂನಿಟ್ಟು... ನಿಜವಾದ ರೋಗಿಯಾಗಿದ್ದರೆ?

ಅವಳು ಸಿರಿಂಜನ್ನು ತಟ್ಟೆಗೆ ಇಳಿಸಿದಳು. ಕೆಲಸ ಅವನಿಗೆ ಸಿಕ್ಕಿತು.

ಗೇಟಿನ ಬಳಿ ಅವನು ಕಾಯುತ್ತಿದ್ದ. ಮಡಿಸಿದ ಕಾಗದವೊಂದನ್ನು ಮುಂದೆ ಹಿಡಿದು, ಇದನ್ನು ಇಟ್ಟುಕೊಳ್ಳಿ, ಉಪಯೋಗಕ್ಕೆ ಬರಬಹುದು ಎಂದ. ಅವಳು ಮುಖ ಎತ್ತಲಿಲ್ಲ.

“ಕೆಲಸ ಸಿಕ್ತಲ್ಲ ಬ್ರದರ್. ಇನ್ನು ಉಪಕಾರ ಬೇರೆ ಮಾಡ್ಬೇಕಾ?”

ಆದರೂ ಅವನು ಕಾಗದವನ್ನು ಅವಳ ಫೈಲಿನ ಜೇಬಿಗೆ ಸಿಕ್ಕಿಸಿ ಹೊರಟುಹೋದ. ಅವಳು ಅದನ್ನು ತೆಗೆದು ಓದಲಿಲ್ಲ. ಬಿಸಾಡಲೂ ಇಲ್ಲ. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಆ ಮಹಾನಗರದಲ್ಲಿ ಆಸ್ಪತ್ರೆಗಳಿಗೆ ಬರವಿರಲಿಲ್ಲ. ಬಸ್ಸಿನಲ್ಲಿ ಹೋದರೆ ಮೂರು ನಿಲ್ದಾಣಕ್ಕೊಂದು ಬೋರ್ಡು. ಆದರೆ ಒಳಗೆ ಹೋದರೆ ಎಲ್ಲ ಕಡೆ ಒಂದೇ ಪ್ರಶ್ನೆ: ಇದೇ ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ ಇದೆಯಾ? ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು ಎಂದು ತಿರುಗಿ ಕೇಳುವ ಧೈರ್ಯ ಅವಳಿಗಿರಲಿಲ್ಲ. ನಕ್ಕು, ಫೈಲು ಎದೆಗವಚಿಕೊಂಡು ಹೊರಬರುತ್ತಿದ್ದಳು.

ಒಂದು ಕೋಣೆಗೆ ಐದು ಮಂಚಗಳಿದ್ದ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಅವಳಿಗೆ ‘ಫೈಲಕ್ಕ’ ಎಂದು ಹೆಸರಿಟ್ಟಿದ್ದರು. ಸ್ನಾನಕ್ಕೆ ಹೋಗುವಾಗಲೂ ಫೈಲು ತಗೊಂಡು ಹೋಗ್ತೀಯಾ ಅಕ್ಕ ಎಂದು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಊರಿನಿಂದ ಅಣ್ಣ ಫೋನು ಮಾಡಿದಾಗ ಮಾತ್ರ ನಗು ಬರುತ್ತಿರಲಿಲ್ಲ. ಅವನ ಹಿಂದಿನಿಂದ ಅತ್ತಿಗೆಯ ದನಿ ಕೇಳುತ್ತಿತ್ತು... ‘ಮೂವತ್ತೊಂದು ತುಂಬಿತು, ಇನ್ನೂ ಇಂಟರ್‌ವ್ಯೂ ಕೊಡ್ತಾನೇ ಇದಾಳಾ?’

ಕೊನೆಗೆ ಏಜೆನ್ಸಿಯೊಂದು ಅವಳನ್ನು ಮನೆ ಶುಶ್ರೂಷೆಗೆ ಕಳಿಸಿತು. ಅಲ್ಲಿದ್ದವಳು ಅರವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆಯಿಂದ ಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ. ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಇಬ್ಬರದೇ ರಾಜ್ಯ. ಅಜ್ಜಿಯ ಸಂಗ ಅವಳಿಗೆ ಹಿಡಿಸಿತು. ಆದರೆ ಒಂದು ಚಿಂತೆ ಒಳಗೊಳಗೇ ಕೊರೆಯುತ್ತಿತ್ತು. ಮನೆ ಶುಶ್ರೂಷೆಯನ್ನು ಆಸ್ಪತ್ರೆಗಳು ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾರ್ಡಿನಿಂದ ಒಂದು ವರ್ಷ ದೂರ ಉಳಿದ ನರ್ಸನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅವಳು ಆ ಚಿಕ್ಕ ಆಸ್ಪತ್ರೆ ಬಿಟ್ಟು ಬಂದು ಆಗಲೇ ಹತ್ತು ತಿಂಗಳಾಗಿತ್ತು.

‘ಇನ್ನೆರಡು ತಿಂಗಳು... ಆಮೇಲೆ ನಾನು ನರ್ಸೇ ಅಲ್ಲ.’

ಆ ದಿನಗಳಲ್ಲೇ ಅಜ್ಜಿಯ ಕಾಲಿನಲ್ಲಿ ಗಾಯವಾಗಿ ಕೀವು ತುಂಬಿತು. ಆಂಬುಲೆನ್ಸ್ ಹೋಗಿ ನಿಂತದ್ದು ಆರುನೂರು ಹಾಸಿಗೆಗಳ ಅದೇ ಆಸ್ಪತ್ರೆಯ ಗೇಟಿನ ಮುಂದೆ. ನಾಲ್ಕನೇ ಮಹಡಿಯ ವಾರ್ಡಿನಲ್ಲಿ ಅಜ್ಜಿಯ ಹಾಸಿಗೆಯ ಬಳಿಗೆ ಬಂದವನು... ಅವನೇ.

ಅವಳು ರೋಗಿಯ ಕಡೆಯವರಿಗೆಂದು ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಮೈಮೇಲೆ ಸಮವಸ್ತ್ರವಿಲ್ಲ. ಕೊರಳಲ್ಲಿ ಹಳದಿ ಪಾಸು, ಅದರ ಮೇಲೆ ದಪ್ಪಕ್ಷರದಲ್ಲಿ ‘ಅಟೆಂಡರ್’ ಎಂದಿತ್ತು. ಅವಳಿಗೆ ಮಂಚದ ಕೆಳಗೆ ಅವಿತುಕೊಳ್ಳಬೇಕೆನ್ನಿಸಿತು.

ಅವನು ಪಾಸನ್ನು ನೋಡಿದ, ಮುಖವನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ಅವಳ ಕಣ್ಣ ಮುಂದೆ ಹಿಡಿದ.

“ನೂರರ ಬಾಟಲಿ, ಕಿತ್ತಳೆ ಮುಚ್ಚಳ, ಎಂಟು ಯೂನಿಟ್ಟು. ನೋಡಿ ಸಿಸ್ಟರ್.”

ಅವನ ಜೊತೆಯ ನರ್ಸ್ ಆಗಲೇ ಪರೀಕ್ಷಿಸಿ ಸಹಿ ಹಾಕಿದ್ದಳು. ರೋಗಿಯ ಜೊತೆ ಬಂದವಳು ನೋಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಅವನು ಕಾದ. ಅವಳು ಬಗ್ಗಿ ನೋಡಿ, ಸರಿಯಿದೆ ಎಂದ ಮೇಲೆಯೇ ಸೂಜಿ ಚುಚ್ಚಿದ.

ಹತ್ತು ತಿಂಗಳಲ್ಲಿ ಅವಳನ್ನು ಸಿಸ್ಟರ್ ಎಂದು ಕರೆದವರು ಯಾರೂ ಇರಲಿಲ್ಲ. ಅವಳು ಬಟ್ಟೆ ಒಗೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ನೀರಿನ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸಲಿಲ್ಲ.

ಮರುದಿನ ಅಜ್ಜಿ ನಿದ್ದೆ ಹೋಗಿದ್ದಾಗ ಅವಳು ಫೈಲಿನ ಜೇಬಿನಿಂದ ಆ ಕಾಗದವನ್ನು ತೆಗೆದಳು. ಮಡಿಕೆಯ ಗೆರೆಗಳಲ್ಲಿ ಸವೆದಿತ್ತು. ಏಳು ಆಸ್ಪತ್ರೆಗಳ ಹೆಸರು, ಯಾವ ವಾರ ಎಲ್ಲಿ ಇಂಟರ್‌ವ್ಯೂ, ಎಲ್ಲಿ ಯಾವ ಸಿರಿಂಜು ಬಳಸುತ್ತಾರೆ... ತಾನು ಕೆಲಸ ಹುಡುಕುತ್ತ ತಿಳಿದುಕೊಂಡದ್ದೆಲ್ಲವನ್ನೂ ಅವನು ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕೊನೆಯಲ್ಲಿ ಎರಡು ಸಾಲು:

‘ನೀವು ಆ ಗೊಂಬೆಯ ತೋಳು ಹಿಡಿದು, ಸ್ವಲ್ಪ ಚುಚ್ಚುತ್ತೆ, ಹೆದರಬೇಡಿ ಅಂದಿರಿ. ಇವತ್ತು ಬಂದವರಲ್ಲಿ ಹಾಗೆ ಹೇಳಿದ್ದು ನೀವೊಬ್ಬರೇ.’

ಅವಳು ಅದನ್ನು ಎಷ್ಟು ಸಲ ಓದಿದಳೋ. ಇಂಟರ್‌ವ್ಯೂ ದಿನಗಳೆಲ್ಲ ಎಂದೋ ಮುಗಿದುಹೋಗಿದ್ದವು. ‘ಹತ್ತು ತಿಂಗಳು ಇದನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗಿದೆನಲ್ಲ... ಒಂದು ಸಲ ಬಿಡಿಸಿ ನೋಡಬಾರದಿತ್ತೇ?’

ಅಂದಿನಿಂದ ಅವಳ ದಿನಕ್ಕೆ ಬೇರೆಯದೇ ಗಡಿಯಾರ ಬಂತು. ಬೆಳಿಗ್ಗೆ ಎಂಟಕ್ಕೆ ಅವನು ಬರುತ್ತಿದ್ದ, ಮಧ್ಯಾಹ್ನ ಎರಡಕ್ಕೆ ಹೋಗುತ್ತಿದ್ದ. ಎರಡರಿಂದ ಮರುದಿನ ಎಂಟರವರೆಗೆ ಹದಿನೆಂಟು ತಾಸು. ಅವನ ರಜೆಯ ದಿನವಂತೂ ವಾರ್ಡಿನ ಎಲ್ಲ ದೀಪ ಉರಿಯುತ್ತಿದ್ದರೂ ಅವಳಿಗೆ ಮಬ್ಬಾಗಿ ಕಂಡಿತು. ಅವರಿಬ್ಬರ ಮಧ್ಯೆ ನಡೆಯುತ್ತಿದ್ದ ಮಾತೆಲ್ಲ ಜ್ವರ, ಬಿ.ಪಿ., ಡ್ರೆಸಿಂಗ್ ಅಷ್ಟೇ. ಆದರೆ ಅವನು ಅಜ್ಜಿಯ ಹಾಸಿಗೆಯ ಬಳಿ ಡ್ರೆಸಿಂಗ್ ಮಾಡುವಾಗ ಪ್ರತಿಸಲ ಎರಡು ಜೊತೆ ಕೈಗವಸು ತರುತ್ತಿದ್ದ. ಒಂದು ಜೊತೆಯನ್ನು, ನೀವೂ ಕೈಜೋಡಿಸಿ ಎಂಬಂತೆ, ಅವಳ ಕಡೆ ಸರಿಸುತ್ತಿದ್ದ.

ಅಜ್ಜಿಗೆ ಕಾಲಿನ ನೋವು ಇಳಿಯುತ್ತಿದ್ದಂತೆ ಕಣ್ಣು ಚುರುಕಾಯಿತು. ಒಂದು ಬೆಳಿಗ್ಗೆ ಅವನ ಮುಂದೆಯೇ ಕೇಳಿಬಿಟ್ಟಳು.

“ಅಲ್ಲಪ್ಪಾ, ನೀನು ಇವಳನ್ನ ಸಿಸ್ಟರ್ ಅಂತೀಯ. ಇವಳು ನಿನ್ನ ಬ್ರದರ್ ಅಂತಾಳೆ. ಬಾಯಲ್ಲಿ ಅಣ್ಣ ತಂಗಿ, ಕಣ್ಣಲ್ಲಿ ಬೇರೇನೇ ನಡೀತಿದೆ. ನಾನೇನು ಕುರುಡಿನಾ?”

“ಅಜ್ಜಿ, ಸುಮ್ನಿರಿ,” ಎಂದಳು ಅವಳು. ಕಿವಿಯ ತುದಿ ಕೆಂಪಾಗಿತ್ತು.

“ಸುಮ್ನಿರ್ತೀನಿ ಕಣೇ. ಆದ್ರೆ ಕಚ್ಚಾ ಹೊಲಿಗೆ ಹಾಕಿಟ್ಟು ಬಹಳ ದಿನ ಬಿಡಬಾರದು. ದಾರ ಸೆಳ್ಕೊಂಡು ಹೋಗುತ್ತೆ.”

ಅವನು ಸುತ್ತಿ ಮುಗಿದಿದ್ದ ಬ್ಯಾಂಡೇಜನ್ನು ಸುಮ್ಮನೆ ಬಿಚ್ಚಿ ಇನ್ನೊಮ್ಮೆ ಸುತ್ತಿದ.

ಎಂಟನೆಯ ದಿನ ಅಜ್ಜಿಯನ್ನು ಮನೆಗೆ ಕಳಿಸಿದರು. ಲಿಫ್ಟಿನ ತನಕ ಅವನೇ ಗಾಲಿಕುರ್ಚಿ ತಳ್ಳಿಕೊಂಡು ಬಂದ. ದಿನ ಬಿಟ್ಟು ದಿನ ಡ್ರೆಸಿಂಗ್ ಬದಲಿಸಿ ಎಂದ. ಮೇಟ್ರನ್ ಬಳಿ ಹೊಸ ಹುದ್ದೆಗಳು ಬರುತ್ತಿವೆ, ಅರ್ಜಿ ಹಾಕಿ ಎಂದ. ಬಾಗಿಲು ಮುಚ್ಚಿಕೊಳ್ಳುವ ಆ ಕೊನೆಯ ಬಿರುಕಿನಲ್ಲಿ ಅವನ ತುಟಿ ಏನನ್ನೋ ಹೇಳಲು ತೆರೆದಂತೆ ಕಂಡಿತು. ಲಿಫ್ಟು ಇಳಿಯತೊಡಗಿತ್ತು.

ಮೂರು ವಾರ. ಎರಡು ಗಂಟೆಯಾದರೆ ಸಾಕು, ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಗಡಿಯಾರ ನೋಡುತ್ತಿದ್ದಳು. ‘ಈಗ ಅವನು ಮೆಟ್ಟಿಲಿಳಿಯುತ್ತಿರುತ್ತಾನೆ... ಈಗ ರಸ್ತೆ ದಾಟುತ್ತಿರುತ್ತಾನೆ...’ ಅರ್ಜಿ ಹಾಕಿದ್ದಳು. ಮತ್ತೆ ಅದೇ ಕೋಣೆ, ಅದೇ ಗೊಂಬೆ, ಅದೇ ತಟ್ಟೆ. ಈ ಸಲ ಬಾಟಲಿಯನ್ನು ಎರಡು ಸಲ ಓದಿ, ಕಿತ್ತಳೆ ಮುಚ್ಚಳದ್ದನ್ನು ಎತ್ತಿಕೊಂಡಳು. ನೇಮಕದ ಪತ್ರ ಕೈಗೆ ಬಂದಾಗ ಹನ್ನೊಂದು ತಿಂಗಳು ಮುಗಿಯುವುದರಲ್ಲಿತ್ತು.

ಪತ್ರದಲ್ಲಿ ಆರನೇ ಮಹಡಿ, ಮಕ್ಕಳ ವಾರ್ಡ್ ಎಂದಿತ್ತು.

ನಾಲ್ಕನೇ ಮಹಡಿಯಲ್ಲೂ ಜಾಗ ಖಾಲಿಯಿದೆ ಅಂದಿದ್ದರಲ್ಲ ಎಂದು ಅವಳು ಕಚೇರಿಯ ಗುಮಾಸ್ತೆಯನ್ನು ಕೇಳಿದಳು. ಗುಮಾಸ್ತೆ ಮುಂಗೈಯಿಂದ ಕನ್ನಡಕ ಸರಿಪಡಿಸಿಕೊಂಡು, ಮೊದಲು ನಿಮ್ಮನ್ನು ಅಲ್ಲಿಗೇ ಹಾಕಿದ್ದರು ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಅಲ್ಲಿನ ಬ್ರದರ್ರೇ ಬಂದು, ಇವರನ್ನ ನನ್ನ ವಾರ್ಡಿಗೆ ಹಾಕಬೇಡಿ ಅಂತ ಬರೆದುಕೊಟ್ಟು ಹೋದ್ರು.”

ಅವಳು ನೇಮಕದ ಪತ್ರವನ್ನು ಮಡಿಸಿ ಫೈಲಿನೊಳಗೆ ತುರುಕಿದಳು.

‘ಹಾಗಾದರೆ ಆ ಕೆಂಪು ಮುಚ್ಚಳವನ್ನು ಅವನು ಮರೆತೇ ಇಲ್ಲ. ಸಿಸ್ಟರ್ ಅಂದದ್ದು ಕನಿಕರಕ್ಕೆ. ಕೈಗವಸು ಕೊಟ್ಟದ್ದು ಕನಿಕರಕ್ಕೆ. ಪಕ್ಕದಲ್ಲಿ ನಿಂತು ಕೆಲಸ ಮಾಡುವಷ್ಟು ನಂಬಿಕೆ ಮಾತ್ರ... ಇಲ್ಲ.’

ಕೆಲಸಕ್ಕೆ ಸೇರುವ ಫಾರಂ ತುಂಬಿದಳು. ‘ಈ ಆಸ್ಪತ್ರೆಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ?’ ಎಂಬಲ್ಲಿ ‘ಇಲ್ಲ’ ಎಂದು ಬರೆಯುವಾಗ ಪೆನ್ನು ಕಾಗದಕ್ಕೆ ಒತ್ತಿಕೊಂಡಿತು. ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿತ್ತು. ಫಾರಂ ಹಿಡಿದೇ ಅವಳು ಮೆಟ್ಟಿಲ ಬಳಿ ಹೋಗಿ ನಿಂತಳು.

ಅವನು ಇಳಿದು ಬಂದ. ಅವಳನ್ನು ಕಂಡು ಮುಖ ಅರಳಿತು, ಅವಳ ಕಣ್ಣು ನೋಡಿ ಹಾಗೇ ನಿಂತ.

“ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ನನಗೇ ಹೇಳಬಹುದಿತ್ತು,” ಎಂದಳು ಅವಳು. “ಮೇಟ್ರನ್‌ಗೆ ಬರೆದುಕೊಡೋದು ಯಾಕೆ ಬೇಕಿತ್ತು?”

ಅವನು ಗೋಡೆಗೆ ಒರಗಿದ. ಬೆಳಗಿನಿಂದ ನಿಂತೇ ದುಡಿದ ಆಯಾಸ ಮುಖದಲ್ಲಿತ್ತು.

“ಇಲ್ಲಿನ ನಿಯಮದ ಪುಸ್ತಕ ಓದಿದೀರಾ?”

“ಇನ್ನೂ ಕೊಟ್ಟಿಲ್ಲ.”

“ಅದರಲ್ಲಿ ಒಂದು ಸಾಲಿದೆ. ಗಂಡ ಹೆಂಡತಿ ಒಂದೇ ವಾರ್ಡಲ್ಲಿ ಕೆಲಸ ಮಾಡೋ ಹಾಗಿಲ್ಲ. ಒಬ್ಬರ ಔಷಧಿಗೆ ಇನ್ನೊಬ್ಬರು ಎರಡನೇ ಸಹಿ ಹಾಕಬಾರದು. ಪ್ರೀತಿ ಇರೋ ಕಡೆ ತಪ್ಪು ಕಾಣಿಸಲ್ಲ ಅಂತ.”

ಮೆಟ್ಟಿಲ ಮೇಲೆ ಯಾರೋ ಹತ್ತಿ ಹೋದರು. ಅವಳಿಗೆ ಅವರ ಹೆಜ್ಜೆಯ ಸದ್ದು ಮಾತ್ರ ಕೇಳಿಸಿತು.

“ನಾವು... ಹಾಗೇನೂ ಅಲ್ವಲ್ಲ,” ಎಂದಳು ಬಹಳ ಮೆಲ್ಲಗೆ.

“ಅಲ್ಲ. ಆದ್ರೆ ಆ ಎಂಟು ದಿನ ನೀವು ಸರಿಯಿದೆ ಅಂದ್ರೆ ನಾನು ಇನ್ನೊಂದು ಸಲ ನೋಡ್ತಾನೇ ಇರಲಿಲ್ಲ. ನನಗೇ ಭಯ ಆಯ್ತು. ಇವತ್ತು ನೀವು ಕೆಂಪು ಮುಚ್ಚಳ ಎತ್ತಿಕೊಂಡ್ರೆ, ನಿಲ್ಲಿ ಅನ್ನೋಕೆ ನನ್ನ ಕೈಲಿ ಆಗುತ್ತೋ ಇಲ್ವೋ. ಅದಕ್ಕೇ ಬರೆದುಕೊಟ್ಟೆ. ನಿಮ್ಮನ್ನ ಕೇಳದೆ ಬರೆದೆ, ಅದು ತಪ್ಪು.”

“ತಪ್ಪೇ.” ಅವಳ ಕಣ್ಣು ತುಂಬಿತ್ತು. “ಗೊಂಬೆಗಾದ್ರೂ ಹೇಳಿ ಚುಚ್ತೀವಿ. ನನಗೊಂದು ಮಾತು ಹೇಳಬಾರದಾ?”

“ಲಿಫ್ಟ್ ಹತ್ರ ಹೇಳೋಕೆ ಬಂದೆ. ಬಾಗಿಲು ಮುಚ್ಕೊಂಡ್ಬಿಡ್ತು.”

“ಇಲ್ಲಿ ಬಾಗಿಲಿಲ್ಲ.”

ಅವನು ಅವಳನ್ನೇ ನೋಡಿದ. ಹನ್ನೊಂದು ತಿಂಗಳ ಹಿಂದೆ ಸ್ಪಷ್ಟವಾಗಿ ನಿಲ್ಲಿ ಅಂದಿದ್ದ ಅದೇ ದನಿ ಈಗ ನಡುಗುತ್ತಿತ್ತು.

“ನನ್ನ ಜೊತೆ ಇರ್ತೀರಾ? ವಾರ್ಡಲ್ಲಲ್ಲ... ಉಳಿದ ಎಲ್ಲ ಕಡೆ.”

ಅವಳು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಫಾರಂ ಇಟ್ಟು, ‘ಇಲ್ಲ’ ಎಂದು ಬರೆದದ್ದರ ಮೇಲೆ ಒಂದೇ ಒಂದು ಗೆರೆ ಎಳೆದಳು. ನರ್ಸ್‌ಗಳು ದಾಖಲೆಯಲ್ಲಿ ತಪ್ಪಾದರೆ ಹಾಗೇ ಮಾಡುವುದು. ಗೀಚಿ ಅಳಿಸುವಂತಿಲ್ಲ. ಹಳೆಯದೂ ಕಾಣುವಂತೆ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಆಮೇಲೆ ಸಹಿ. ಪಕ್ಕದಲ್ಲಿ ಅವಳು ಬರೆದಳು: ‘ಆಗಲಿದ್ದಾರೆ.’

ತನ್ನ ಸಹಿ ಹಾಕಿ ಪೆನ್ನನ್ನು ಅವನ ಕಡೆ ಚಾಚಿದಳು.

“ಇದಕ್ಕಾದ್ರೂ ಹಾಕ್ತೀರಾ?”

ಅವನು ಪೆನ್ನು ತೆಗೆದುಕೊಂಡ. ಆದರೆ ತಕ್ಷಣ ಸಹಿ ಹಾಕಲಿಲ್ಲ. ಬಗ್ಗಿ ಆ ಒಂದು ಪದವನ್ನು ಓದಿದ. ಮತ್ತೊಮ್ಮೆ ಓದಿದ.

“ಏನು ಹುಡುಕ್ತಿದೀರಾ?”

“ತಪ್ಪು ಏನಾದ್ರೂ ಇದೆಯಾ ಅಂತ.”

“ಇದೆಯಾ?”

“ಕಾಣಿಸ್ತಿಲ್ಲ,” ಎಂದ ಅವನು, ಸಹಿ ಹಾಕುತ್ತ.