ಬೆಚ್ಚಗಿನ ನಲ್ಲಿ

ಮಹಾರಾಜರು ನಮ್ಮ ಬೀದಿಗೆ ನಲ್ಲಿ ಹಾಕಿಸಿ, ಯಾರು ಬೇಕಾದರೂ ನೀರು ಹಿಡಿಯಬಹುದೆಂದು ಅಪ್ಪಣೆ ಹೊರಡಿಸಿದ ವರ್ಷ ನಡೆದದ್ದಿದು. ನಾನೇ ಪಕ್ಕದಲ್ಲಿದ್ದೆ. ಚರ್ಮ ಹದಮಾಡುವವನ ಬಸುರಿ ಹೆಂಡತಿ ಕೊಡ ತಂದಳು. ನಮ್ಮ ಅತ್ತಿಗೆ ಅಡ್ಡ ನಿಂತು, "ನಿಮಗೆ ಹೊಳೆ ಇದೆಯಲ್ಲ, ಹೋಗು" ಅಂದರು. ಅವಳು ಖಾಲಿ ಕೊಡ ಎತ್ತಿಕೊಂಡು ಹೊಳೆಗೆ ಹೋದಳು. ಅಲ್ಲಿ ಕಾಲು ಜಾರಿ ಮುಳುಗಿಹೋದಳು.

ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಲು ಹೋದ ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡರು. "ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗಿದೆ ಕಣೇ."

ನಾನೂ ಮುಟ್ಟಿದೆ. ನೀರು ಕೊರೆಯುತ್ತಿತ್ತು, ಹಿಡಿ ಮಾತ್ರ ಅಂಗೈಯಷ್ಟು ಬೆಚ್ಚಗಿತ್ತು. ದಿನವೂ ಹಾಗೇ. ನಾಚಿಕೆಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೊನೆಗೆ ಅತ್ತಿಗೆ, ನಲ್ಲಿ ಕೂರಿಸಿದ್ದ ಎಂಜಿನಿಯರರ ಮುಂದೆ ತಲೆ ತಗ್ಗಿಸಿ ನಿಂತು, ನಡೆದದ್ದನ್ನೆಲ್ಲ ಹೇಳಿ, ನಲ್ಲಿ ಬದಲಾಯಿಸಲು ಬೇಡಿಕೊಂಡರು. ಎಂಜಿನಿಯರರು ಮುಚ್ಚಿದ್ದ ಪೆಟ್ಟಿಗೆ ಒಡೆದು ಹೊಸ ನಲ್ಲಿಯನ್ನು ಕೈಗೆತ್ತಿಕೊಂಡರು.

"ಇದನ್ನು ಬಿಸಿಲಲ್ಲಿ ಇಟ್ಟಿದ್ದವರು ಯಾರ್ರೀ?"

ಅವತ್ತು ಬಿಸಿಲೇ ಬಿದ್ದಿರಲಿಲ್ಲ.