ಎರಡನೇ ಗುಂಡಿಯ ಎತ್ತರ

ಬಾಗಿಲು ತೆರೆದವನು ಅವನೇ. ಬೆಲ್ ಒತ್ತಿದ ನನ್ನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

"ಮೆಲ್ಲಗೆ," ಅಂದ. ಇಷ್ಟು ವರ್ಷಗಳ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಅದು. "ಒಳಗೆ ಮಲಗಿದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಬಂದಳು."

ನಾನು ಬಂದದ್ದು ಕೆಲಸಕ್ಕೆ. ಅಡಿಗೆಮನೆ, ಬಟ್ಟೆ ಒಗೆಯುವ ಕೋಣೆ ಇಂಥವನ್ನು ಅಳೆದು ನಕ್ಷೆ ಹಾಕಿಕೊಡುವುದು ನನ್ನ ಉದ್ಯೋಗ. ಆಫೀಸಿಗೆ ಫೋನ್ ಮಾಡಿದವಳು ಒಬ್ಬ ನರ್ಸ್. ನನ್ನ ಕೈಗೆ ಸಿಕ್ಕಿದ್ದು ಬರೀ ವಿಳಾಸ. ಅವಳ ಗಂಡ ಒಂದು ಕಾಲಕ್ಕೆ ನನ್ನ ಜೊತೆ ಓದಿದ ಹುಡುಗ, ಈಗ ಲೆಕ್ಕದ ಮೇಷ್ಟ್ರು ಎಂದು ವಿಳಾಸದಲ್ಲಿ ಎಲ್ಲಿ ಬರೆದಿರುತ್ತದೆ?

"ಬೇರೆ ಯಾರನ್ನಾದ್ರೂ ಕಳಿಸ್ಲಾ?" ಎಂದು ಪಿಸುಗುಟ್ಟಿದೆ.

"ಬೇಡ." ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬಾ, ಗಿಡ್ಡಿ."

ಆ ಹೆಸರು ಅವನು ಇಟ್ಟದ್ದು. ತುಂಬಿದ ಬಸ್ಸಿನಲ್ಲಿ ಎದುರುಬದುರು ನಿಂತರೆ ನನ್ನ ನೆತ್ತಿ ಸರಿಯಾಗಿ ಅವನ ಅಂಗಿಯ ಎರಡನೇ ಗುಂಡಿಗೆ ಬರುತ್ತಿತ್ತು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಗುಂಡಿಗೆ ನನ್ನ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಲು ಅವನು ಬೇಕೆಂದೇ ತಡಮಾಡುತ್ತಿದ್ದ. ನಾನೂ ಅವಸರ ಮಾಡುತ್ತಿರಲಿಲ್ಲ.

ಅಡಿಗೆಮನೆಯ ಹಿಂದೆ ಹಳೆಯ ಸಾಮಾನು ತುಂಬಿದ್ದ ಒಂದು ಉದ್ದನೆಯ ಕೋಣೆ, ಅದಕ್ಕೊಂದು ಹಿಂಬಾಗಿಲು. ಆಸ್ಪತ್ರೆಯ ಬಟ್ಟೆ ಮನೆಯೊಳಗೆ ಕಾಲಿಡಬಾರದು ಎಂಬುದು ನರ್ಸಿನ ಒಂದೇ ಬೇಡಿಕೆ.

ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟೆಳೆದೆ. "ಹಿಂಬಾಗಿಲ ಪಕ್ಕದಲ್ಲೇ ಕೊಳೆ ಬುಟ್ಟಿ. ಆಮೇಲೆ ನೆನೆಸೋಕೆ ಸಿಂಕ್. ಆಮೇಲೆ ಮೆಷಿನ್. ಕೊನೇಲಿ, ಕಿಟಕಿ ಕೆಳಗೆ, ಮಡಚೋಕೆ ಮೇಜು. ಬಟ್ಟೆ ಒಂದೇ ದಿಕ್ಕಲ್ಲಿ ಹೋಗ್ಬೇಕು. ಒಗೆದದ್ದು ತಿರುಗಿ ಕೊಳೆ ಹತ್ರ ಬರಬಾರದು."

"ನಂಗೇ ಪಾಠ ಮಾಡ್ತಿದೀಯ."

"ಮೇಷ್ಟ್ರಿಗೂ ಯಾರಾದ್ರೂ ಮಾಡ್ಬೇಕಲ್ಲ."

ಅವನ ತುಟಿಯ ಎಡತುದಿ ಮಾತ್ರ ಅಲುಗಿತು. ನಗುವನ್ನೂ ಅರ್ಧಕ್ಕೇ ನಿಲ್ಲಿಸುವ ಮನುಷ್ಯ.

"ಮೇಜು ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು," ಅಂದೆ. "ಇಲ್ದಿದ್ರೆ ಬೆನ್ನು ಹಿಡ್ಕೊಳ್ಳುತ್ತೆ. ಅವರ ಎತ್ತರ ಎಷ್ಟು? ಎದ್ದ ಮೇಲೆ ಕೇಳ್ತೀಯಾ?"

ಅವನು ಯೋಚಿಸಲೂ ಇಲ್ಲ. ಅಂಗೈಯನ್ನು ಅಡ್ಡವಾಗಿ ಎದೆಗೆ ಹಿಡಿದ. "ಇಷ್ಟು."

ಎರಡನೇ ಗುಂಡಿ.

"ನನ್ನಷ್ಟೇನಾ?"

"ಹೂಂ."

ನಾನು ಟೇಪ್ ಬಿಚ್ಚಲಿಲ್ಲ. ಆ ಅಳತೆ ನನಗೆ ಗೊತ್ತಿತ್ತು. ನಾನು ಖಾಲಿ ಮಾಡಿ ಹೋದ ಜಾಗಕ್ಕೆ ಸರಿಯಾಗಿ ಹೊಂದುವವಳನ್ನೇ ಹುಡುಕಿಕೊಂಡಿದ್ದಾನೆ, ಪ್ರೀತಿ ಎಂದರೆ ಇಷ್ಟೇ ಇರಬೇಕು ಅನ್ನಿಸಿತು.

ಹೂಂ. ಅವನ ಬಳಿ ಎಲ್ಲದಕ್ಕೂ ಇದ್ದದ್ದು ಅದೊಂದೇ ಮಾತು. ಓದು ಮುಗಿದು ದೂರದೂರಿನಲ್ಲಿ ನನಗೆ ಕೆಲಸ ಸಿಕ್ಕಿದಾಗ ಹಾಸ್ಟೆಲ್ಲಿನ ಗೇಟಿನ ಮುಂದೆ ನಿಂತು, "ನಾನು ಹೋಗ್ಬಿಡ್ಲಾ?" ಎಂದು ಕೇಳಿದ್ದೆ. ತನ್ನ ಶೂಗಳನ್ನೇ ತುಂಬ ಹೊತ್ತು ನೋಡಿ, "ಹೂಂ" ಅಂದಿದ್ದ. ಬೇಡ ಅನ್ನುತ್ತಾನೆಂದು ಬಸ್ಸು ಹೊರಡುವ ತನಕ ಕಾದಿದ್ದೆ.

ಮುಂದಿನ ದಿನಗಳಲ್ಲಿ ಆ ಕೋಣೆಗೆ ನಲ್ಲಿ ಬಂತು, ಗಾಳಿ ಹೊರಹಾಕುವ ಫ್ಯಾನ್ ಬಂತು. ನಾನು ಹೋದಾಗಲೆಲ್ಲ ನರ್ಸ್ ನಿದ್ದೆಯಲ್ಲಿರುತ್ತಿದ್ದಳು. ನಮ್ಮ ಮಾತೆಲ್ಲ ಪಿಸುಮಾತು. ಸೋಪಿನ ಪುಡಿ ಎಲ್ಲಿಡುವುದು ಎಂಬುದನ್ನೂ ಕಿವಿಯ ಹತ್ತಿರ ಬಾಗಿ ಕೇಳಬೇಕು. ಹಾಗೆ ಕೇಳಿದರೆ ಅದು ಸೋಪಿನ ಪುಡಿಯ ಮಾತಾಗಿ ಉಳಿಯುವುದಿಲ್ಲ.

ಒಮ್ಮೆ ನೆಲದ ಇಳಿಜಾರು ನೋಡಲು ಒಂದು ಮಗ್ ನೀರು ಚೆಲ್ಲಿದೆ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ನೀರು ಮೋರಿಯ ಕಡೆ ಹೋಗದೆ ಅವನ ಪಾದದ ಸುತ್ತ ನಿಂತುಬಿಟ್ಟಿತು.

"ಇಳಿಜಾರು ಸಾಲ್ದು. ಮತ್ತೆ ಮಾಡಿಸ್ಬೇಕು," ಅಂದೆ.

"ಮಾಡ್ಸು. ಇನ್ನೂ ನಾಲ್ಕು ದಿನ ಆಗ್ಲಿ," ಅಂದ. ಕಾಲು ತೆಗೆಯಲಿಲ್ಲ. ನನ್ನ ಬಟ್ಟೆಯ ಅಂಚು ನೆನೆಯುತ್ತಿತ್ತು. ನಾನೂ ಏಳಲಿಲ್ಲ.

ಈ ಕೆಲಸ ಮುಗಿಯದಿರಲಿ ಎಂದು ಆಸೆಪಡತೊಡಗಿದ್ದೆ.

ಬಡಗಿ ತನ್ನ ಅಂಗಡಿಯಲ್ಲಿ ಮೇಜು ಮಾಡಿ ತಂದ ದಿನ ನರ್ಸಿಗೆ ರಜೆ. ಹಿಂಬಾಗಿಲ ಚೌಕಟ್ಟಿಗೆ ತಗುಲದಂತೆ ತಲೆ ತಗ್ಗಿಸಿ ಒಳಗೆ ಬಂದಳು. ಗಂಡನಷ್ಟೇ ಎತ್ತರ.

ನನ್ನ ಕಣ್ಣು ಮೇಜಿನ ಕಡೆ ಹೋಯಿತು.

"ಅಕ್ಕಾ, ನೀವೇನಾ? ಇಷ್ಟು ದಿನ ನಿದ್ದೆಗಣ್ಣಲ್ಲಿ ನಿಮ್ಮ ಗುಸುಗುಸು ಮಾತ್ರ ಕೇಳ್ತಿತ್ತು. ಕೋಣೆ ಎಷ್ಟು ಚೆನ್ನಾಗಾಗಿದೆ!" ಎಂದು ನನ್ನ ಕೈ ಹಿಡಿದುಕೊಂಡಳು. ಸದಾ ತೊಳೆದು ಒರಟಾದ, ಬೆಚ್ಚಗಿನ ಕೈ. ಆಮೇಲೆ ಒಂದು ಹಾಸಿಗೆ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಮಡಚಲು ಹೋಗಿ ಸೊಂಟದಿಂದ ಬಾಗಿದಳು.

"ಅಯ್ಯೋ, ಇದೇನ್ರೀ! ಒಂದನೇ ಕ್ಲಾಸಿನ ಬೆಂಚು ತಂದಿದೀರಾ?" ಎಂದು ಗಂಡನ ಕಡೆ ತಿರುಗಿ ನಕ್ಕಳು. "ಊರಿಗೆಲ್ಲ ಲೆಕ್ಕ ಹೇಳ್ಕೊಡ್ತೀರ, ಹೆಂಡ್ತಿ ಎಷ್ಟುದ್ದ ಇದ್ದಾಳೆ ಗೊತ್ತಿಲ್ವಾ?"

"ನನ್ನ ತಪ್ಪೇನಿಲ್ಲ ತಾಯಿ, ಮೇಡಂ ಕೊಟ್ಟ ಅಳತೆ," ಎಂದ ಬಡಗಿ. "ನೋಡಿ, ಮೇಡಂಗೆ ಹೇಗೆ ಹೇಳಿ ಮಾಡಿಸಿದ ಹಾಗಿದೆ!"

ನಾನು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ನನ್ನ ಮೊಣಕೈ. ಕೆಳಗೆ ನಾಲ್ಕು ಬೆರಳು. ಅದರ ಕೆಳಗೆ ಹಲಗೆ.

ನರ್ಸಿನ ನಗು ಮುಖದ ಮೇಲೆ ಹಾಗೇ ಉಳಿಯಿತು. ಕಣ್ಣುಗಳು ಮಾತ್ರ ಅದನ್ನು ಬಿಟ್ಟು ಹೊರಟವು. ನನ್ನ ಮೊಣಕೈಗೆ, ಅಲ್ಲಿಂದ ನೆತ್ತಿಗೆ, ಅಲ್ಲಿಂದ ಗಂಡನ ಎದೆಗೆ.

ಮಾತಾಡು ಎಂದು ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡೆ. ನಿಜವಾದರೂ ಹೇಳು, ಸುಳ್ಳಾದರೂ ಹೇಳು. ಅವನು ಅವತ್ತಿನ ಹಾಗೇ ತನ್ನ ಕಾಲುಗಳನ್ನು ನೋಡುತ್ತಿದ್ದ.

"ತಪ್ಪು ನಂದೇ," ಅಂದೆ. "ನಕ್ಷೆ ಹಾಕೋವಾಗ ಮೈಮರೆತು ನನ್ನ ಅಳತೇನೇ ಹಾಕ್ಬಿಟ್ಟೆ. ನಿಮ್ಮ ಎತ್ತರ ಎಷ್ಟು ಅಂತ ಅವರನ್ನ ಕೇಳ್ಲೇ ಇಲ್ಲ."

"ಹೌದಾ?" ಕೇಳಿದ್ದು ನನ್ನನ್ನು, ನೋಡಿದ್ದು ಅವನನ್ನು.

"ಹೂಂ," ಅಂದೆ ನಾನು.

ಬಟ್ಟೆಯನ್ನು ಅವಳು ಮಡಚಿ ಮುಗಿಸಲಿಲ್ಲ. ಉಂಡೆಮಾಡಿ ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಬಡಗಿ ಮೇಜಿನ ಕಾಲುಗಳಿಗೆ ಹೊಸ ಮರ ಸೇರಿಸಿ ಅದನ್ನು ಎತ್ತರಿಸಿದ. ಕೊನೆಯ ದಿನ ಮೆಷಿನ್ನಿಗೆ ಬಟ್ಟೆ ತುಂಬಿ ಓಡಿಸಿ ನೋಡಬೇಕಿತ್ತು. ಹೆಂಡತಿ ಮಲಗಿದ್ದಾಳೆ ಎಂದು ಅವನು ಹೇಳಿದ. ಮೆಷಿನ್ ನೀರು ಹಿಂಡಲು ಶುರುಮಾಡಿತು, ಗೋಡೆಯೆಲ್ಲ ಗುಂಯ್‌ಗುಟ್ಟಿತು. ಆ ಸದ್ದಿನ ಒಳಗೆ ಅವನು ಮೊದಲ ಬಾರಿಗೆ ಪಿಸುಗುಟ್ಟದೆ ಮಾತಾಡಿದ.

"ನೀನು ಎತ್ತರ ಕೇಳಿದಾಗ ಕೈ ತಾನಾಗೇ ಅಲ್ಲಿಗೆ ಹೋಯ್ತು, ಗಿಡ್ಡಿ. ನಾನು ಇಟ್ಟಿದ್ದಲ್ಲ. ಅಲ್ಲಿಂದ ಮೇಲಕ್ಕೇ ಏಳಲ್ಲ ಅದು." ಉಸಿರೆಳೆದುಕೊಂಡ. "ಅವತ್ತು ಹೋಗ್ಬೇಡ ಅನ್ಬೇಕಿತ್ತು."

ಯಾವ ಮಾತಿಗಾಗಿ ಒಂದು ಬಸ್ಸು ಹೊರಡುವ ತನಕ ಕಾದಿದ್ದೆನೋ ಅದು ಬಂದಿತ್ತು. ಕೇಳಿಸಲಿಲ್ಲ ಎಂದು ನಟಿಸಬಹುದಾಗಿತ್ತು.

"ಅವಳು ಒಳ್ಳೆಯವಳು," ಅಂದೆ.

"ಗೊತ್ತು."

"ಹಾಗಾದ್ರೆ ಕೈ ಎತ್ತೋದು ಕಲಿ. ಇನ್ನೂ ಸ್ವಲ್ಪ ಮೇಲೆ. ಅವಳಿರೋ ತನಕ."

ಮೆಷಿನ್ ಗಕ್ಕನೆ ನಿಂತಿತು. ಆ ನಿಶ್ಶಬ್ದದಲ್ಲಿ ಒಳಗಿನ ಕೋಣೆಯ ಮಂಚ ಕಿರುಗುಟ್ಟಿದ್ದು ಇಬ್ಬರಿಗೂ ಕೇಳಿಸಿತು. ಯಾರೋ ಗೋಡೆಯ ಕಡೆಗೆ ಮಗ್ಗಲು ಬದಲಿಸಿದ ಸದ್ದು. ನಿದ್ದೆಯಲ್ಲಿರುವವರು ಅಷ್ಟು ಎಚ್ಚರಿಕೆಯಿಂದ ಹೊರಳುವುದಿಲ್ಲ.

ಅವನು ಒಳಗಿನ ಬಾಗಿಲ ಕಡೆ ತಿರುಗಿದ. ನಾನು ಮೇಜು ಅಲುಗುತ್ತದೆಯೇ ಎಂದು ಎರಡೂ ಕೈಯಲ್ಲಿ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ನನ್ನ ಮೊಣಕೈ ಹಲಗೆಗಿಂತ ಕೆಳಗೆ ಉಳಿಯಿತು. ಆ ಮನೆಯಲ್ಲಿ ನನ್ನ ಅಳತೆಯದು ಇನ್ನು ಏನೂ ಇರಲಿಲ್ಲ.

ಈ ಸಲ ಹೋಗಲಾ ಎಂದು ಕೇಳಲಿಲ್ಲ. ಸೀಮೆಸುಣ್ಣದ ಗೀಟು ಹೊಸ ನೆಲದ ಕೆಳಗೆ ಎಲ್ಲೋ ಮುಚ್ಚಿಹೋಗಿತ್ತು. ಆದರೂ ನನಗದು ನೆನಪಿತ್ತು. ಅದರ ಮೇಲೆಯೇ ವಿರುದ್ಧ ದಿಕ್ಕಿಗೆ ನಡೆದೆ. ಮೇಜು, ಮೆಷಿನ್, ಸಿಂಕ್, ಆಮೇಲೆ ಕೊಳೆ ಬುಟ್ಟಿ, ಆಮೇಲೆ ಹಿಂಬಾಗಿಲು.