ಬೊಂಬೆಯ ಕೊರಳ ದಾರ

"ಮೊದಲನೇ ಶಾಟ್‌ನಲ್ಲಿ ಏನಿರಬೇಕು?"

ವಿಶ್ವನಾಥ್ ಕೇಳಿದ್ದು ಯಾರನ್ನೂ ಅಲ್ಲ. ಎರಡೂ ಕೈಯ ಬೆರಳುಗಳನ್ನು ಚೌಕಟ್ಟಿನಂತೆ ಜೋಡಿಸಿ, ಒಂದು ಕಣ್ಣು ಮುಚ್ಚಿ, ಮಾದನಾಯಕನಹಳ್ಳಿಯ ಆಚೆ ಮೂರು ಮಣ್ಣುದಾರಿಗಳು ಕೂಡುವಲ್ಲಿ ನಿಂತಿದ್ದ. ಕಾರ್ತಿಕದ ಅಮಾವಾಸ್ಯೆ ಕಳೆದ ಮರುದಿನ, ಬುಧವಾರದ ಬೆಳಗು. ಲಾಂಟಾನ ಬೇಲಿಗಳ ಮೇಲೆ ಮಂಜು ಕೂತಿತ್ತು. ತುಮಕೂರು ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು ಬಂದು ಹೋಯಿತು.

ತೊಂಬತ್ತಾರನೇ ಇಸವಿ. ವಿಶ್ವನಾಥನ ತಂದೆಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಮನೆಮಂದಿಯೆಲ್ಲ ದಾವಣಗೆರೆ ಬಿಟ್ಟು ಬಂದು ವರ್ಷವಾಗಿತ್ತು. ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷ. ಲೇತ್ ಮುಂದೆ ನಿಂತರೂ ಅವನ ತಲೆಯಲ್ಲಿ ಓಡುತ್ತಿದ್ದುದು ಸಿನಿಮಾ. ಕಾಲೇಜುಗಳ ವಿಡಿಯೋ ಸ್ಪರ್ಧೆಗೆ ಒಂದು ದೆವ್ವದ ಚಿತ್ರದ ಟೀಸರ್ ಮಾಡುವುದೆಂದು ಅವನೂ ಸಹಪಾಠಿ ಅಂಜನ್ನೂ ಹೊರಟಿದ್ದರು. ಮದುವೆ ವಿಡಿಯೋ ತೆಗೆಯುವವನೊಬ್ಬ ಮುಂದಿನ ವಾರ ಒಂದು ದಿನದ ಮಟ್ಟಿಗೆ ಕ್ಯಾಮೆರಾ ಕೊಡಲು ಒಪ್ಪಿದ್ದ.

"ಟೀಸರ್ ಅಂದ್ರೆ ಏನ್ ಗುರು, ಕರೆಕ್ಟಾಗಿ ಹೇಳು," ಎಂದು ಅಂಜನ್ ಹಿಂದಿನ ವಾರ ಕೇಳಿದ್ದ.

"ಸಿನಿಮಾನೇ ಇರಲ್ಲ. ಇದೆ ಅನ್ನಿಸ್ಬೇಕು. ಎರಡೇ ನಿಮಿಷ. ಹೆದರಿಸೋದು, ಬಿಟ್ಬಿಡೋದು."

ಆ ಬೆಳಗ್ಗೆ ಅವರು ಜಾಗ ನೋಡಲು ಅಂಜನ್‌ನ ಊರಿಗೆ ಬಂದಿದ್ದರು. ದಾರಿಗಳು ಕೂಡುವ ನಡುಮಧ್ಯೆ ಒಂದು ಹಳೆಯ ಬಿದಿರಿನ ಮೊರ ಕಂಡಿತು. ಅದರಲ್ಲಿ ಕೆಂಪು, ಹಳದಿ, ಕಪ್ಪು ಅನ್ನದ ಉಂಡೆಗಳು. ಕೊಯ್ದ ನಿಂಬೆಹಣ್ಣು. ನಡುವೆ ಅಂಗೈಯಷ್ಟು ಉದ್ದದ ಹಿಟ್ಟಿನ ಬೊಂಬೆ. ಯಾವುದೋ ಮಗುವಿನ ಲಂಗದಿಂದ ಹರಿದ ಬಟ್ಟೆಯನ್ನು ಅದಕ್ಕೆ ಉಡಿಸಿ, ಕೊರಳಿಗೆ ಕಪ್ಪು ದಾರವನ್ನು ಏಳು ಸುತ್ತು ಬಿಗಿದು ಗಂಟು ಹಾಕಿದ್ದರು. ಸುಟ್ಟ ಮೆಣಸಿನಕಾಯಿಯ ಘಾಟು, ಹಳಸಿದ ಅನ್ನದ ಹುಳಿ, ಹರಳೆಣ್ಣೆಯ ಜಿಡ್ಡುವಾಸನೆ ಮಂಜಿನೊಳಗೇ ಕಟ್ಟಿಕೊಂಡು ನಿಂತಿತ್ತು.

"ಸಿಕ್ತು ಕಣೋ! ಇದನ್ನ ನಾವೇ ಮಾಡಿದ್ರೆ ನಾಟಕದ ಸಾಮಾನಿನ ಥರ ಕಾಣ್ತಿತ್ತು."

"ಬೇಡ ಮಗಾ. ಬಾ ಹೋಗೋಣ," ಅಂಜನ್ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಂಜನ್‌ನ ತಾತ ದಾಸಪ್ಪ ಅಲ್ಲೇ ನಿಂತ. ಹೊರೆಯನ್ನು ಇಳಿಸಲೂ ಇಲ್ಲ.

"ಮುಟ್ಬ್ಯಾಡ ಕಣಪ್ಪ. ಯಾರ್ದೋ ಮಗೀಗೆ ಅಂಟಿದ್ ಪೀಡೆ ಇಳಿ ತೆಗ್ದು ಇಟ್ಟವ್ರೆ. ದಾಟ್ಲೂ ಬಾರ್ದು ಅದ್ನ. ಎತ್ತಿದ್ರೆ ನಿಮ್ಮನೆ ಬಾಗ್ಲು ಉಡುಕ್ಕೊಂಡ್ ಬತ್ತದೆ."

"ಬರ್ಲಿ ತಾತ. ವಿಳಾಸ ಬರ್ಕೊಡ್ಲಾ? ಪೀಣ್ಯ ಎರಡನೇ ಹಂತ, ನೀರಿನ ಟ್ಯಾಂಕ್ ಎದುರಿಗೆ. ಅಮ್ಮ ಟೀ ಮಾಡ್ಕೊಡ್ತಾಳೆ."

ದಾಸಪ್ಪ ನಗಲಿಲ್ಲ. ಹೊರೆಯ ಕೆಳಗಿನಿಂದ ಅವನ ಕಣ್ಣುಗಳು ಹುಡುಗನನ್ನೇ ನೋಡಿದವು. "ನಗಾಡ್ಬ್ಯಾಡ. ಎತ್ತಬ್ಯಾಡ," ಎಂದಷ್ಟೇ ಹೇಳಿದ.

ವಿಶ್ವನಾಥ್ ಮೊರವನ್ನು ಎತ್ತಿ, ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಇಳಿಸಿದ.

ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಅವನು ಹನ್ನೆರಡು ಚೌಕ ಎಳೆದಿದ್ದ. ಒಂದೊಂದರಲ್ಲೂ ಒಂದೊಂದು ಶಾಟ್. ಹನ್ನೆರಡನೆಯದು ಮಾತ್ರ ಪೂರ್ತಿ ಕಪ್ಪು. ಅದರಲ್ಲಿ ಚಿತ್ರವಿಲ್ಲ, ಬರೀ ದನಿ. ಕತ್ತಲಲ್ಲಿ ಹುಡುಗಿಯೊಬ್ಬಳು ವಚನ ಹೇಳುತ್ತ ಬೊಂಬೆಯ ಕೊರಳ ದಾರ ಬಿಚ್ಚುತ್ತಾಳೆ. ಸಾಲು ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು.

ಆ ದನಿ ಅವನ ತಂಗಿ ನಿವೇದಿತಾಳದು. ಒಂಬತ್ತನೇ ಕ್ಲಾಸು. ಮಾತು ಕಡಿಮೆ. ಸಂಜೆ ದೀಪ ಹಚ್ಚಿದ ಮೇಲೆ ತಾಯಿ ರುದ್ರಮ್ಮ ವಚನದ ಅರ್ಧ ಹೇಳಿ ನಿಲ್ಲಿಸುವಳು, ಉಳಿದರ್ಧವನ್ನು ನಿವೇದಿತಾ ಎತ್ತಿಕೊಳ್ಳುವಳು. ಆ ದನಿಯಲ್ಲಿ ಅಲಂಕಾರವಿರಲಿಲ್ಲ. ಆದರೆ ಅದು ಕೇಳಿಸಿದಾಗ ಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡುತ್ತಿದ್ದರು. ರಾತ್ರಿ ಪಾಳಿಗೆ ಹೊರಟ ಎದುರುಮನೆಯಾತ ಬೂಟಿನ ದಾರವನ್ನು ಎರಡೆರಡು ಸಲ ಕಟ್ಟುತ್ತ ಕೂರುತ್ತಿದ್ದ.

"ಅಣ್ಣಾ, ವಚನಾನ ಅರ್ಧಕ್ಕೇ ಬಿಡಬಾರ್ದು ಅಂತಾಳೆ ಅಮ್ಮ."

"ಸಿನಿಮಾದಾಗ ಬಿಡಬೋದು. ನೀ ಬರ್ಲಿಲ್ಲ ಅಂದ್ರ ಅಂಜನ್‌ಗೆ ಲಂಗ ಉಡಿಸ್ತೀನಿ ನೋಡು."

ಅವಳು ನಕ್ಕುಬಿಟ್ಟಳು. ನಗು ಬಂದರೆ ಅವಳು ಯಾವುದಕ್ಕೂ ಇಲ್ಲ ಅನ್ನಲಾರಳು. ಅಣ್ಣನಿಗೆ ಅದು ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ರಿಹರ್ಸಲ್. ಕ್ಯಾಮೆರಾ ಇರಲಿಲ್ಲ, ದನಿಗೆ ಎಷ್ಟು ಸೆಕೆಂಡು ಬೇಕೆಂದು ಅಳೆಯುವುದಷ್ಟೇ ಕೆಲಸ. ಮನೆಯ ಹಿಂದಿನ ಬೀದಿಯಲ್ಲಿ ಎರಕದ ಕೆಲಸ ನಿಂತುಹೋದ ಒಂದು ಶೆಡ್ಡಿತ್ತು. ಒಳಗೆ ಸುಟ್ಟ ಮರಳಿನ ವಾಸನೆ, ತುಕ್ಕು, ಬಾವಲಿಯ ಹಿಕ್ಕೆ. ಇದ್ದ ಒಂದೇ ಕಿಟಕಿಗೆ ವಿಶ್ವನಾಥ್ ಗೋಣಿತಾಟು ಕಟ್ಟಿದ. ಹೊರಗೆ ಉರಿಬಿಸಿಲು, ಒಳಗೆ ಬಾವಿಯ ತಳದ ಕತ್ತಲು. ಅಂಜನ್ ಹೊಸಿಲು ದಾಟಲೇ ಇಲ್ಲ. "ನಾನಿಲ್ಲೇ ಕೂತಿರ್ತೀನಿ ಗುರು, ಏನ್ ಬೇಕಾದ್ರೂ ಅನ್ಕೋ," ಎಂದು ಬಾಗಿಲೆಳೆದುಕೊಂಡು ಹೊರಗೇ ಕೂತ.

ಮೇಣದ ಬತ್ತಿ ಹಚ್ಚಿದರು. ನಿವೇದಿತಾ ಮೊರದ ಮುಂದೆ ಕಾಲು ಮಡಿಚಿ ಕೂತು ಬೊಂಬೆಯನ್ನು ಎತ್ತಿಕೊಂಡಳು.

"ತಣ್ಣಗೈತಿ ಅಣ್ಣಾ."

"ಹಿಟ್ಟು ತಣ್ಣಗಿರದೆ ಮತ್ತೇನು. ಹೂಂ, ಶುರು ಮಾಡು."

ಅವಳು ಹೇಳತೊಡಗಿದಳು. ತಗಡಿನ ಸೂರು ಆ ದನಿಯನ್ನು ಮೆಲ್ಲಗೆ ಹಿಂದಿರುಗಿಸಿತು. ಪಕ್ಕದ ಕಾರ್ಖಾನೆಯ ಪ್ರೆಸ್ಸು ಧಡ್, ಧಡ್ ಎಂದು ತಾಳ ಹಾಕುತ್ತಿತ್ತು. ಗಂಟು ಸಡಿಲಾಯಿತು. ಬೆರಳುಗಳು ದಾರ ಬಿಚ್ಚಿದವು. ಒಂದು ಸುತ್ತು. ಎರಡು. ಮೂರು. ಅನ್ನದ ಹುಳಿವಾಸನೆ ಎದ್ದಿತು. ನಾಲ್ಕು. ಐದು. ಮೆಣಸಿನಕಾಯಿಯ ಘಾಟು. ಯಾರೂ ಸುಟ್ಟಿರಲಿಲ್ಲ, ಆದರೂ ಘಾಟು. ವಿಶ್ವನಾಥನ ಕಣ್ಣಲ್ಲಿ ನೀರಾಡಿತು. ಆರು. ಪಕ್ಕದ ಪ್ರೆಸ್ಸು ನಿಂತಿತು. ಕರೆಂಟು ಹೋಗಿರಬೇಕು. ಏಳು.

ಬತ್ತಿ ಆರಿತು. ಗಾಳಿ ಇರಲಿಲ್ಲ.

ದನಿ ನಿಂತಿತು.

ಹೇಳಿಕೊಟ್ಟ ಜಾಗದಲ್ಲಲ್ಲ, ಎರಡು ಪದ ಮೊದಲೇ. ಇದು ಇನ್ನೂ ಚೆನ್ನಾಗಿದೆ ಎಂದುಕೊಂಡ. ಬಾಯಲ್ಲೇ ಎಣಿಸತೊಡಗಿದ. ಐದು. ಹತ್ತು. ಇಂಥ ಮೌನ ಎಲ್ಲಿ ಸಿಗುತ್ತದೆ! ಹದಿನೈದು. ಇಪ್ಪತ್ತು.

"ಸಾಕು ನಿವಿ. ಸಕ್ಕತ್ತಾಗಿ ಮಾಡ್ದೆ."

ಅವನು ಬೆಂಕಿಪೊಟ್ಟಣಕ್ಕಾಗಿ ನೆಲ ತಡಕಿದ.

"ಸಾಕು ಅಂದ್ನಲ್ಲ. ನನ್ನೇ ಹೆದರಿಸ್ತೀಯಾ?"

ಏನೋ ಸರಿದ ಸದ್ದು. ನೆಲದ ಮೇಲೆ ಹಿಮ್ಮಡಿ ಉಜ್ಜಿದ ಸದ್ದು. ಮತ್ತೆ, ಮತ್ತೆ. ಅವನು ಎದ್ದ. ಎಡವಿದ. ಕತ್ತಲಲ್ಲಿ ಗೋಡೆ ತಡಕಿದ. ಗೋಣಿತಾಟು ಸಿಕ್ಕಿತು. ಕಿತ್ತ. ಬಿಸಿಲು ಒಳಗೆ ಬಿತ್ತು.

ನಿವೇದಿತಾ ಹೇಳುತ್ತಲೇ ಇದ್ದಳು. ತುಟಿಗಳು ಆಡುತ್ತಿದ್ದವು, ಒಂದೊಂದು ಅಕ್ಷರವನ್ನೂ ಬಿಡದೆ. ದನಿ ಮಾತ್ರ ಇರಲಿಲ್ಲ. ಕಣ್ಣುಗಳು ಅಣ್ಣನನ್ನೇ ನೋಡುತ್ತಿದ್ದವು. ಕೊರಳ ಸುತ್ತ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಗಳು. ಅವನು ಎಣಿಸಿದ. ಏಳು.

ಆಸ್ಪತ್ರೆಯ ವೈದ್ಯರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಗಂಟಲು ಸರಿಯಿದೆ, ಹುಡುಗಿ ಏನನ್ನೋ ಕಂಡು ಹೆದರಿರಬೇಕು ಎಂದರು. ಮಂಗಳವಾರ ಅನ್ನ ಇಳಿಯದಾಯಿತು. ಗುರುವಾರ ನೀರೂ ತುಟಿಯ ಅಂಚಿನಿಂದ ಹೊರಗೇ ಹರಿಯಿತು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಬಾಟಲಿ ಹರಿಸಿ ಕಳಿಸಿದರು. ಮೊರದ ವಿಷಯವನ್ನು ವಿಶ್ವನಾಥ್ ಮನೆಯಲ್ಲಿ ಬಾಯಿಬಿಡಲಿಲ್ಲ.

ಆ ಸಂಜೆಯೂ ರುದ್ರಮ್ಮ ದೀಪ ಹಚ್ಚಿದಳು. ವಚನದ ಅರ್ಧ ಹೇಳಿ, ಅಭ್ಯಾಸದಂತೆ ನಿಲ್ಲಿಸಿದಳು. ಗೋಡೆಗೊರಗಿ ಕೂತ ಮಗಳ ತುಟಿ ಮೆಲ್ಲಗೆ ಆಡಿತು. ತಾಯಿ ಕಿವಿಯನ್ನು ಮಗಳ ಬಾಯಿಯ ಹತ್ತಿರಕ್ಕೆ ತಂದಳು. ಕಾದಳು. ಬೀದಿಯಲ್ಲಿ ಎದುರುಮನೆಯಾತನೂ ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. ಕೊನೆಗೆ ರುದ್ರಮ್ಮ ಉಳಿದರ್ಧವನ್ನು ತಾನೇ ಹೇಳಲು ಹೋದಳು. ಆಗಲಿಲ್ಲ. ಅಷ್ಟು ವರ್ಷ ಅದು ಮಗಳದಾಗಿತ್ತು, ತಾಯಿಗೆ ಮರೆತೇ ಹೋಗಿತ್ತು.

ಶುಕ್ರವಾರ ಬೆಳಗ್ಗೆ ವಿಶ್ವನಾಥ್ ದಾಸಪ್ಪನ ಕಾಲ ಬಳಿ ಕೂತಿದ್ದ.

"ಮೊದ್ಲು ದನಿ," ಎಂದ ದಾಸಪ್ಪ, ನೆಲ ನೋಡುತ್ತ. "ಆಮ್ಯಾಕೆ ಅನ್ನ. ಆಮ್ಯಾಕೆ ನೀರು. ಆಮ್ಯಾಕೆ ಉಸ್ರು. ನಮ್ಮೂರ ಚಿಕ್ಕಮುನಿಯಮ್ಮನ ಮಗೀಗೂ ಇಂಗೇ ಆಗಿತ್ತು. ಕಾರ್ಖಾನೆಯೋರು ಜಮೀನು ಕೇಳ್ಕೊಂಡ್ ಬಂದ್ಮ್ಯಾಕೆ ದಾಯಾದಿಗಳು ಮಾಟ ಮಾಡ್ಸಿದ್ರು. ನೀರೂ ನಿಂತ್ಮ್ಯಾಕೆ ಇಳಿ ತೆಗ್ಸಿದ್ಲು. ನೀನ್ ಎತ್ತಿದ್ದು ಅವ್ಳು ಇಟ್ಟ ಮೊರಾನೇ."

"ಎತ್ತಿದ್ದು ನಾನು ತಾತ. ನನಗ್ಯಾಕೆ ಬರ್ಲಿಲ್ಲ?"

"ಗಂಟು ಬಿಚ್ಚಿದ್ ಕೈ ಯಾರ್ದು?"

ವಿಶ್ವನಾಥ್ ಮುದುಕನ ಕಾಲು ಹಿಡಿದುಕೊಂಡ.

"ಮತ್ತೆ ಇಳಿ ತೆಗೆಸಿ. ಏನು ಬೇಕಾದ್ರೂ ಮಾಡ್ತೀನಿ."

"ಕಟ್ಟು ಬಿಚ್ಚಿದ್ನ ಇನ್ನೊಂದ್ ಕಿತ ಇಳ್ಸಕಾಗಲ್ಲ. ಇಟ್ಟ ಕೈಯೇ ಅದ್ನ ವಾಪಸ್ ತಕ್ಕೊಬೇಕು. ನಮ್ಮನೇದು ಅಂತ ಬಾಯ್ಬಿಟ್ಟು ಯೋಳ್ಬೇಕು."

"ತಗೊಂಡ್ರೆ... ಆ ಮಗೂಗೆ?"

ದಾಸಪ್ಪ ಎದ್ದು ಒಳಗೆ ಹೋದ.

ಮಧ್ಯಾಹ್ನ, ಆಸ್ಪತ್ರೆಗೆಂದು ಹೇಳಿ, ವಿಶ್ವನಾಥ್ ತಂಗಿಯನ್ನು ಆಟೋದಲ್ಲಿ ಕರೆತಂದ. ಅವಳ ತಲೆ ಅವನ ಭುಜದ ಮೇಲಿತ್ತು. ಪ್ರತಿ ಉಸಿರೂ ಸಣ್ಣ ಸಂದಿಯಲ್ಲಿ ತೂರಿಬರುವ ಗಾಳಿಯಂತೆ ಸುಯ್ಯೆನ್ನುತ್ತಿತ್ತು. ಹೊಸದಾಗಿ ಎದ್ದ ಗೋದಾಮಿನ ಗೋಡೆಗೆ ಒತ್ತಿಕೊಂಡಂತೆ ಚಿಕ್ಕಮುನಿಯಮ್ಮನ ಶೀಟಿನ ಮನೆ. ಅಂಗಳದಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು. ಐದು ವರ್ಷದ ಮಗಳು ವೇಣಿ ಕೋಳಿಮರಿಯೊಂದಕ್ಕೆ ಬುದ್ಧಿ ಹೇಳುತ್ತಿದ್ದಳು.

ಮಗು ಓಡಿಬಂತು. "ಅಕ್ಕಾ, ನಿನ್ನೆಸ್ರೇನು? ಯೋಳಕ್ಕ. ಯಾಕೆ ಯೋಳಲ್ಲ? ನಾನೂ ಮಾತಾಡ್ತಿರ್ನಿಲ್ಲ ಗೊತ್ತಾ? ಈಗ ನೋಡು, ಎಂಗ್ ಮಾತಾಡ್ತೀನಿ! ಕೋಳಿ ಎಸ್ರು ಯೋಳ್ಲಾ?"

ನಿವೇದಿತಾ ಆ ಮಗುವಿನ ಬಾಯನ್ನೇ ನೋಡಿದಳು. ಕೈ ಎತ್ತಿ ಅದರ ಕೆನ್ನೆ ಮುಟ್ಟಿದಳು. ಅವಳ ಮುಖದಲ್ಲಿ ಐದು ದಿನಗಳ ನಂತರ ಮೊದಲ ಬಾರಿಗೆ ನಗುವಿನಂಥದೇನೋ ಮೂಡಿತು.

ವಿಶ್ವನಾಥ್ ಚೀಲದಿಂದ ಮೊರ ತೆಗೆದು ಅಂಗಳದಲ್ಲಿಟ್ಟ. ಚಿಕ್ಕಮುನಿಯಮ್ಮನ ಕೈಯಿಂದ ತಂಬಿಗೆ ಜಾರಿತು.

"ಅಮ್ಮಾ," ಅವನು ಮಣ್ಣಿನಲ್ಲೇ ಮೊಣಕಾಲೂರಿದ. ಮುಂದಿನ ಮಾತು ಆಡುವ ಮೊದಲು ವೇಣಿಯ ಕಡೆ ನೋಡಬಾರದೆಂದುಕೊಂಡಿದ್ದ, ನೋಡಿಬಿಟ್ಟ. ಆದರೂ ಆಡಿದ. "ಇದನ್ನ ವಾಪಸ್ ತಗೊಳ್ರಿ. ನಿಮ್ಮನೇದು ಅಂತ ಒಂದೇ ಒಂದು ಮಾತು ಹೇಳ್ರಿ. ನನ್ನ ತಂಗಿ ನಾಳೆ ತನಕ ಉಳಿಯಲ್ಲ."

ಅವಳು ಕೂಗಾಡುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದುರಿಗೇ ಕೂತಳು.

"ನೀನು ಎತ್ತಿದ್ನ ಕಂಡಿದ್ದೆ ಕಣಪ್ಪ. ಬೇಲಿ ಮರ್ಯಾಗೇ ಕುಂತಿದ್ದೆ. ಯಾರಾನ ಎತ್ಲಿ, ಯಾರಾನ ಎತ್ಲಿ ಅಂತ ದ್ಯಾವ್ರಿಗೆ ಕೈ ಮುಗೀತಿದ್ದೆ. ದಾಸಪ್ಪಣ್ಣ ಬ್ಯಾಡ ಅಂದಾಗ ಎದೆ ಒಡ್ದೋಗಿತ್ತು, ನೀನೆಲ್ಲಿ ಬಿಟ್ಟೋಯ್ತೀಯೋ ಅಂತ. ಮನೀಗೆ ಬಂದ್ಮ್ಯಾಕೆ ಅತ್ತೆ. ಯಾವ್ ತಾಯಿ ಒಟ್ಟೆ ಉರೀತದೋ ಅಂತ ಅತ್ತೆ. ಐದ್ನೇ ದಿನ ಮದ್ಯಾನ ಇವ್ಳು ನೀರು ಕೇಳಿದ್ಲು. ಬಾಯ್ಬಿಟ್ಟು ಕೇಳಿದ್ಲು."

ವಿಶ್ವನಾಥ್ ಲೆಕ್ಕ ಹಾಕಿದ. ಅದು ಭಾನುವಾರ, ಮಧ್ಯಾಹ್ನ.

ಚಿಕ್ಕಮುನಿಯಮ್ಮ ಎದ್ದು ನಿವೇದಿತಾಳ ಬಳಿ ಹೋದಳು. ಕೊರಳ ಮೇಲಿನ ಗೆರೆಗಳನ್ನು ನೋಡಿದಳು. ಅವಳಿಗೆ ಅವು ಹೊಸವಲ್ಲ. ಸೆರಗಿನಿಂದ ಹುಡುಗಿಯ ಮುಖ ಒರೆಸಿ, ಹಣೆಗೆ ಅಂಟಿದ ಕೂದಲು ಹಿಂದೆ ಸರಿಸಿದಳು.

"ಏನ್ ಎಸ್ರು ಇವ್ಳದು?"

"ನಿವೇದಿತಾ."

ಆ ಹೆಸರನ್ನು ಅವಳು ಎರಡು ಸಲ ಮೆಲ್ಲಗೆ ಹೇಳಿಕೊಂಡಳು. ಎರಡೂ ಕೈಯಿಂದ ಹುಡುಗಿಯ ಮುಖ ನೀವಿ, ತನ್ನ ಕೆನ್ನೆಗೆ ಒತ್ತಿ ನೆಟಿಕೆ ಮುರಿದಳು. ಕಣ್ಣೀರು ಗಲ್ಲದಿಂದ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ವಿಶ್ವನಾಥ್ ಮೊರವನ್ನು ಅವಳ ಕಾಲ ಹತ್ತಿರಕ್ಕೆ ಸರಿಸಿದ.

ಅವಳು ಅದನ್ನು ಬಳಸಿಕೊಂಡು ನಡೆದಳು. ವೇಣಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊಸಿಲ ಒಳಗೆ ನಿಂತು ತಿರುಗಿದಳು.

"ತಕ್ಕೊಳ್ಳಲ್ಲ," ಎಂದಳು. "ನೀನು ಕಾಲಿಡ್ಕಂಡ್ರೂ ತಕ್ಕೊಳ್ಳಲ್ಲ. ಈ ಕೂಸು ನನ್ನ ಬಾಗ್ಲಾಗೇ ಉಸ್ರು ಬಿಟ್ರೂ ನಾನ್ ತಕ್ಕೊಳ್ಳಲ್ಲ ಕಣಪ್ಪ."